ಕಲಬುರಗಿ–ಬೀದರ್: ವಿಮಾನಕ್ಕೆ ದೂರವೆಷ್ಟು, ಹೊತ್ತೆಷ್ಟು?

ಉತ್ತರ ಕರ್ನಾಟಕದ ಈ ಎರಡು ವಿಮಾನ ನಿಲ್ದಾಣಗಳ ನಡುವಿನ ನೇರ ದೂರವನ್ನು ಪ್ರೌಢಶಾಲೆಯ ಗಣಿತದಿಂದಲೇ ಕಂಡುಹಿಡಿಯಬಹುದು. ಕಲಬುರಗಿ ನಿಲ್ದಾಣ 17.31° ಉತ್ತರ ಅಕ್ಷಾಂಶ, 76.96° ಪೂರ್ವ ರೇಖಾಂಶದಲ್ಲಿದೆ. ಬೀದರ್ ನಿಲ್ದಾಣ 17.91° ಮತ್ತು 77.49°ಯಲ್ಲಿ.

ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿ.ಮೀ. ಆದ್ದರಿಂದ ಉತ್ತರ ದಿಕ್ಕಿನ ಅಂತರ 0.60 × 111, ಅಂದರೆ ಸುಮಾರು 67 ಕಿ.ಮೀ. ರೇಖಾಂಶಗಳಾದರೋ ಧ್ರುವದತ್ತ ಸಾಗಿದಂತೆ ಒಂದನ್ನೊಂದು ಸಮೀಪಿಸುತ್ತವೆ. ಹಾಗಾಗಿ ಅಕ್ಷಾಂಶದ ಕೊಸೈನ್‌ನಿಂದಲೂ ಗುಣಿಸಬೇಕು: 0.53 × 111 × 0.95, ಸುಮಾರು 56 ಕಿ.ಮೀ. ಪೈಥಾಗೊರಸ್ ಪ್ರಮೇಯದಂತೆ ನೇರ ದೂರ 87 ಕಿ.ಮೀ. ಕೊಸೈನ್ ಮರೆತರೆ ಇಲ್ಲಿ ಆಗುವ ತಪ್ಪು 2 ಕಿ.ಮೀ. ಮಾತ್ರ. ಆದರೆ 70° ಅಕ್ಷಾಂಶದ ಬಳಿಯಿರುವ ನಾರ್ವೆಯ ಟ್ರೋಮ್ಸೊದಲ್ಲಿ ರೇಖಾಂಶದ ಒಂದು ಡಿಗ್ರಿ ಬರೀ 38 ಕಿ.ಮೀ.! ಅಲ್ಲಿ ಲೆಕ್ಕವೇ ಬುಡಮೇಲಾಗುತ್ತದೆ.

ಇನ್ನು ಕಾಲ. ಗಂಟೆಗೆ 500 ಕಿ.ಮೀ. ವೇಗದ ಎಟಿಆರ್ ವಿಮಾನಕ್ಕೆ ಹತ್ತೇ ನಿಮಿಷ ಸಾಕಲ್ಲವೆ? ಸಾಲದು. ನೆಲದ ಮೇಲಿನ ಓಡಾಟ, ಏರಿಕೆ, ಇಳಿಕೆಗಳಿಗೆ ಹೆಚ್ಚುವರಿಯಾಗಿ 30 ನಿಮಿಷ ಎಂದಿಟ್ಟುಕೊಳ್ಳಿ. ಆಗ ಒಟ್ಟು 40 ನಿಮಿಷ. ಸರಾಸರಿ ವೇಗ ಗಂಟೆಗೆ 130 ಕಿ.ಮೀ. ಮಾತ್ರ. ಬೆಂಗಳೂರು–ಬೀದರ್ ನಡುವಿನ 523 ಕಿ.ಮೀ.ಗೂ ಹೆಚ್ಚುವರಿ ಅಷ್ಟೇ. ಸರಾಸರಿ ವೇಗ ಸುಮಾರು 340ಕ್ಕೆ ಏರುತ್ತದೆ. ಪ್ರಯಾಣಿಕ ನಿಲ್ದಾಣ ತಲಪಿ ಕಾಯುವ ಹೊತ್ತನ್ನೂ ಸೇರಿಸಿದರೆ, 2017ರಲ್ಲಿ ಪೂರ್ಣಗೊಂಡ ಸುಮಾರು 110 ಕಿ.ಮೀ.ಗಳ ಬೀದರ್–ಕಲಬುರಗಿ ರೈಲುಮಾರ್ಗದ ಬೆಲೆ ತಿಳಿಯುತ್ತದೆ.

ವಿದ್ಯಾರ್ಥಿಗಳಿಗೊಂದು ಪ್ರಶ್ನೆ: ಎಷ್ಟು ದೂರಕ್ಕೆ ಸರಾಸರಿ ವೇಗವು ಹಾರಾಟದ ವೇಗದ ಸರಿಯಾಗಿ ಅರ್ಧದಷ್ಟಾಗುತ್ತದೆ? (ಉತ್ತರ: 250 ಕಿ.ಮೀ.)