ಸಾಮಾಜಿಕ ಜಾಲತಾಣಗಳೂ ಮತಗಳ ಪರಸ್ಪರ ಪರಿಚಯವೂ

ಒಂದು ಮತದವರು ಇನ್ನೊಂದು ಮತದವರನ್ನು ಯಾವ ಸಾಧನದ ಮೂಲಕ ಅರಿಯುತ್ತಾರೆ ಎಂಬ ಪ್ರಶ್ನೆಯು ಇತಿಹಾಸದ ವಿದ್ಯಾರ್ಥಿಗೆ ಹೊಸದಲ್ಲ. ನೆರೆಮನೆ, ಸಂತೆ, ಜಾತ್ರೆ, ಉರುಸು, ರಾಜಸಭೆಯ ವಾದ, ಮಿಷನರಿಗಳ ಮುದ್ರಣಾಲಯ ಇವೆಲ್ಲವೂ ಒಂದೊಂದು ಕಾಲದಲ್ಲಿ ಆ ಕಾರ್ಯವನ್ನು ನಡೆಸಿವೆ. ಈಚಿನ ಒಂದೆರಡು ದಶಕಗಳಲ್ಲಿ ಫೇಸ್‌ಬುಕ್, ವಾಟ್ಸಾಪ್ ಮೊದಲಾದ ಸಾಮಾಜಿಕ ಜಾಲತಾಣಗಳು ಆ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿಕೊಂಡಿವೆ. ಇವುಗಳಿಂದ ತಿಳಿವಳಿಕೆಯು ಹೆಚ್ಚಿತೋ ಕುಗ್ಗಿತೋ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ನಮಗೆ ಉಚಿತವೆನಿಸದು. ಸುದ್ದಿಯು ತಾನು ಹುಟ್ಟಿದ ಊರು, ದಿನ, ಹೇಳಿದವನ ಹೆಸರು ಇವುಗಳನ್ನು ಕಳಚಿಕೊಂಡು ಸಂಚರಿಸತೊಡಗಿದಾಗ ಏನಾಗುತ್ತದೆ ಎಂಬುದೊಂದನ್ನೇ ಬೆಂಗಳೂರಿನ ಎರಡು ಪ್ರಸಂಗಗಳ ಆಧಾರದಿಂದ ಇಲ್ಲಿ ವಿವೇಚಿಸುತ್ತೇವೆ.

2012ರ ಜೂನ್ ತಿಂಗಳಲ್ಲಿ ಮ್ಯಾನ್ಮಾರಿನ ರಖೈನ್ ಪ್ರಾಂತದಲ್ಲಿ ಬೌದ್ಧರಿಗೂ ರೋಹಿಂಗ್ಯಾ ಮುಸಲ್ಮಾನರಿಗೂ ಕಲಹವಾಯಿತು. ಜುಲೈಯಲ್ಲಿ ಅಸ್ಸಾಮಿನ ಕೊಕ್ರಝಾರ್ ಮತ್ತು ಅದರ ನೆರೆಯ ಜಿಲ್ಲೆಗಳಲ್ಲಿ ಬೋಡೋ ಜನರಿಗೂ ಬಂಗಾಳಿ ಮಾತನಾಡುವ ಮುಸಲ್ಮಾನರಿಗೂ ಘರ್ಷಣೆಗಳಾದವು. ಎರಡೂ ನಿಜವಾದ ದುರಂತಗಳೇ. ಆದರೆ ಅವುಗಳ ಸಾಕ್ಷ್ಯವೆಂದು ಜಾಲತಾಣಗಳಲ್ಲಿ ಹರಡಿದ ಚಿತ್ರಗಳಲ್ಲಿ ಕೆಲವು ಬೇರೆಲ್ಲಿಯವೋ ಆಗಿದ್ದವು. ಅಂಥದೊಂದರಲ್ಲಿ ಶವಗಳ ರಾಶಿಯ ನಡುವೆ ಕೆಂಪುವಸ್ತ್ರದ ಭಿಕ್ಷುಗಳು ನಿಂತಿದ್ದಾರೆ. ಬೌದ್ಧರು ಕೊಂದ ಬರ್ಮದ ಮುಸಲ್ಮಾನರು ಇವರೆಂದು ಅದಕ್ಕೆ ವಿವರಣೆ ಸೇರಿಸಲಾಗಿತ್ತು. ವಸ್ತುತಃ ಅದು 2010ರ ಏಪ್ರಿಲ್‌ನಲ್ಲಿ ಚೀನದ ಯೂಶು ಎಂಬಲ್ಲಿ ಸಂಭವಿಸಿದ ಭೂಕಂಪದ ಚಿತ್ರ. ಆ ಭಿಕ್ಷುಗಳು ಸತ್ತವರ ಅಂತ್ಯಕ್ರಿಯೆಗೆಂದು ಬಂದಿದ್ದ ಟಿಬೆಟನ್ನರು. ಕರುಣೆಯ ಕಾರ್ಯವೊಂದು, ಕೆಳಗಿನ ಸಾಲು ಬದಲಾದ ಮಾತ್ರಕ್ಕೆ, ಕೊಲೆಯ ದೃಶ್ಯವಾಯಿತು.

ಆಗಸ್ಟ್ ನಡುವಿನ ವೇಳೆಗೆ, ರಂಜಾನ್ ಮುಗಿದೊಡನೆ ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆಯಾಗುವುದೆಂಬ ವದಂತಿಯು ಎಸ್‌ಎಂಎಸ್‌ಗಳ ಮೂಲಕವೂ ಜಾಲತಾಣಗಳ ಮೂಲಕವೂ ಬೆಂಗಳೂರನ್ನು ವ್ಯಾಪಿಸಿತು. ಹೋಟೆಲುಗಳಲ್ಲಿ ದುಡಿಯುತ್ತಿದ್ದವರು, ಕಾವಲುಗಾರರು, ಕಾಲೇಜು ವಿದ್ಯಾರ್ಥಿಗಳು ಹೀಗೆ ಸಾವಿರಾರು ಜನ ಮೂರು ನಾಲ್ಕು ದಿನಗಳಲ್ಲಿ ಊರು ಬಿಟ್ಟರು. ರೈಲ್ವೆ ಇಲಾಖೆಯವರು ಗುವಾಹಾಟಿಗೆ ವಿಶೇಷ ಗಾಡಿಗಳನ್ನೇ ಓಡಿಸಬೇಕಾಯಿತು. ಕೇಂದ್ರ ಸರ್ಕಾರವು 15 ದಿನಗಳವರೆಗೆ ಸಗಟು ಸಂದೇಶಗಳನ್ನು ನಿಷೇಧಿಸಿತು; ಮೊದಲಲ್ಲಿ ದಿನಕ್ಕೆ ಐದಕ್ಕಿಂತ ಹೆಚ್ಚು ಸಂದೇಶ ಕಳುಹಿಸುವಂತಿರಲಿಲ್ಲ. ನಗರದ ಮುಸ್ಲಿಂ ಮುಖಂಡರು ಅಭಯವಿತ್ತರಾದರೂ ಗಾಡಿಗಳು ತುಂಬಿಯೇ ಹೊರಟವು. ಓಡಿದವರೂ, ಯಾರಿಗೆ ಹೆದರಿ ಓಡಿದರೋ ಅವರೂ ಅನೇಕ ಕಡೆ ಒಂದೇ ಬೀದಿಯ ವಾಸಿಗಳು. ಎದುರುಮನೆಯ ಬಾಗಿಲು ತಟ್ಟಿ ಕೇಳುವ ಬದಲು ಕೈಯೊಳಗಿನ ಯಂತ್ರವನ್ನು ನಂಬಿದ್ದು ನಮ್ಮನ್ನು ಇಂದಿಗೂ ಕಾಡುವ ಸಂಗತಿ.

ಇದಕ್ಕೆ ಪ್ರತಿಯಾಗಿ ಕ್ರಿ. ಶ. 1368ರ ಬುಕ್ಕರಾಯನ ಶ್ರವಣಬೆಳಗೊಳದ ಶಾಸನವನ್ನು ಇಟ್ಟು ನೋಡುವುದು ಉಚಿತ. ಜೈನರು ಶ್ರೀವೈಷ್ಣವರಿಂದ ತಮಗಾದ ಅನ್ಯಾಯವನ್ನು ಅರಸನಲ್ಲಿ ದೂರಿದರು. ಅರಸನು ಉಭಯ ಪಕ್ಷದ ಮುಖ್ಯರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಹಾಗೂ ಕಳಶದ ಮರ್ಯಾದೆಯು ಜೈನರಿಗೆ ದೊರೆಯಿತು. ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ಜೈನರ ಹಣದಿಂದಲೇ ವೈಷ್ಣವರು ನೇಮಿಸತಕ್ಕದ್ದೆಂದೂ ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದೆಂದೂ ಗೊತ್ತಾಯಿತು. ಈ ಕಟ್ಟಳೆಯನ್ನು ಬಸದಿಗಳಲ್ಲೆಲ್ಲ ಕಲ್ಲಿನ ಮೇಲೆ ಬರೆಸಬೇಕೆಂದು ವಿಧಿಯಾಯಿತು. ಮಾಗಡಿ ಸೀಮೆಯ ಕಲ್ಯದಲ್ಲಿಯೂ ಇದರ ಶಾಸನವಿದೆ. ಅಂದರೆ ಇದೂ ಪ್ರತಿಗಳಾಗಿ ಊರೂರಿಗೆ ಹೋಗಲೆಂದೇ ರಚಿತವಾದ ಸಂದೇಶ. ಆದರೆ ದೂರಿತ್ತವರು ಯಾರು, ಒಪ್ಪಿದವರು ಯಾರು, ತಿಥಿ ಯಾವುದು, ತಪ್ಪಿದವನಿಗೆ ಏನು ಎಂಬುದೆಲ್ಲ ಪ್ರತಿಯೊಡನೆಯೇ ಪ್ರಯಾಣ ಮಾಡಿತು. ಅರಸನ ಆಜ್ಞೆಯಿಂದಾದ ರಾಜಿಯು ಮನಸ್ಸುಗಳನ್ನು ಎಷ್ಟರಮಟ್ಟಿಗೆ ಕೂಡಿಸಿತೆಂದು ನಾವು ಉತ್ಪ್ರೇಕ್ಷಿಸಲಾರೆವು. ಕಲ್ಲಿನ ಹಿಂದೆ ಉತ್ತರವಾದಿಗಳಿದ್ದರು ಎಂಬುದಷ್ಟೇ ನಮ್ಮ ಮಾತು.

ಎರಡನೆಯ ಪ್ರಸಂಗವು 2020ರ ಆಗಸ್ಟ್ 11ರ ರಾತ್ರಿಯದು. ಪ್ರವಾದಿಯವರನ್ನು ಕುರಿತ ಒಂದು ಫೇಸ್‌ಬುಕ್ ಬರಹದಿಂದ ಕೆರಳಿದ ಗುಂಪು ಬೆಂಗಳೂರಿನ ದೇವರಜೀವನಹಳ್ಳಿ ಮತ್ತು ಕಾಡುಗೊಂಡನಹಳ್ಳಿಗಳಲ್ಲಿ ದೊಂಬಿಯೆಬ್ಬಿಸಿ, ಶಾಸಕರೊಬ್ಬರ ಮನೆಗೂ ವಾಹನಗಳಿಗೂ ಬೆಂಕಿಯಿಟ್ಟು, ಪೋಲೀಸ್ ಠಾಣೆಗಳ ಮೇಲೆ ಎರಗಿತು. ಗೋಲೀಬಾರಿನಲ್ಲಿ ಮೂವರು ಸತ್ತರು. ಅದೇ ರಾತ್ರಿ, ಅದೇ ಬಡಾವಣೆಯಲ್ಲಿ, ಕೆಲವು ಮುಸ್ಲಿಂ ತರುಣರು ಒಂದು ಗುಡಿಗೆ ಹಾನಿಯಾಗದಂತೆ ಕೈಕೈ ಹಿಡಿದು ಸುತ್ತುಗಟ್ಟಿ ನಿಂತರು. ಈ ದೃಶ್ಯವೂ ಜಾಲತಾಣಗಳಿಂದಲೇ ನಾಡಿಗೆ ತಿಳಿಯಿತೆಂಬುದನ್ನು ಮರೆಯುವಂತಿಲ್ಲ. ಅದನ್ನು ನಟನೆಯೆಂದು ಶಂಕಿಸಿದವರೂ ಇದ್ದರು. ಚಿತ್ರದೊಡನೆ ಸಾಕ್ಷಿಯು ಬಾರದಿದ್ದರೆ, ನೋಡುವವನು ತಾನು ಮೊದಲೇ ನಂಬಿದ್ದನ್ನೇ ಅದರಲ್ಲಿ ಓದಿಕೊಳ್ಳುತ್ತಾನೆ. ಸುಳ್ಳನ್ನು ಸುಲಭವಾಗಿ ನಂಬುವುದೂ ಸತ್ಯವನ್ನು ನಂಬದಿರುವುದೂ ಒಂದೇ ದೋಷದ ಎರಡು ಮುಖಗಳು.

ವಾಟ್ಸಾಪ್ ಸಂಸ್ಥೆಯು 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಳಿಗೆ ಮಾತ್ರ ರವಾನಿಸುವ ಮಿತಿಯನ್ನು ತಂದಿತು. ಹಲವು ಕೈ ದಾಟಿ ಬಂದ ಸಂದೇಶಕ್ಕೆ 2020ರಲ್ಲಿ ಈ ಮಿತಿಯನ್ನು ಒಂದಕ್ಕೆ ಇಳಿಸಲಾಯಿತು. ಇದು ವೇಗಕ್ಕೆ ಹಾಕಿದ ತಡೆ. ಸಂದೇಶದ ಮೂಲವನ್ನು ಇದು ತಿಳಿಸದು. ಸಂವಾದವೆಂಬುದಕ್ಕೆ ಪ್ರತ್ಯುತ್ತರ ಕೊಡಬಲ್ಲ ಎದುರಾಳಿಯು ಬೇಕು. ರವಾನಿತ ಸಂದೇಶದಲ್ಲಿ ಅನ್ಯಮತದವನು ವಿಷಯವಾಗಿ ಇರುತ್ತಾನೆಯೇ ಹೊರತು ಮಾತನಾಡುವವನಾಗಿ ಇರುವುದಿಲ್ಲ.

ನಮ್ಮ ತರಗತಿಯಲ್ಲಿ ಶಾಸನದ ಕಾಲ, ಸ್ಥಳ, ಕರ್ತೃ, ಉದ್ದೇಶಗಳನ್ನು ಕೇಳುವ ಅಭ್ಯಾಸವನ್ನು ಮಾಡಿಸುತ್ತೇವೆ. ಒಮ್ಮೆ ಅದೇ ನಾಲ್ಕು ಪ್ರಶ್ನೆಗಳನ್ನು ತಮಗೆ ಬಂದ ಇಂಥ ಒಂದೊಂದು ಸಂದೇಶಕ್ಕೆ ಹಾಕಿ ಬರೆದು ತರುವಂತೆ ವಿದ್ಯಾರ್ಥಿಗಳಿಗೆ ಹೇಳಿದೆವು. ಕರ್ತೃವಿನ ಎದುರಿಗೆ ಬಹುತೇಕ ಎಲ್ಲರೂ ಬರೆದು ತಂದದ್ದು ಒಂದೇ ಉತ್ತರ: “ಗ್ರೂಪಿನಲ್ಲಿ ಬಂತು.”