ಗಿಟಾರಿನ ಸೀಳಿನಲ್ಲಿ ಉಳಿದ ಅಂಟು: ಮರಗೆಲಸವೂ ಆರೋಗ್ಯವೂ

ತಂತಿವಾದ್ಯದ ಇಂಪೆಲ್ಲವೂ ತಂತಿಯಲ್ಲಿಯೇ ಅಡಗಿದೆಯೆಂದು ಕೇಳುಗರು ಭಾವಿಸುವುದು ಸಹಜ. ಆದರೆ ತಂತಿಯ ನಾದವನ್ನು ಸ್ವರಗಳಾಗಿ ಅಳೆದುಕೊಡುವುವು ಅದರ ಕೆಳಗಿರುವ ಮೆಟ್ಟಿಲುಗಳು. ಒಂದು ಮೆಟ್ಟಿಲು ಕೂದಲೆಳೆಯಷ್ಟು ಮೇಲೆದ್ದರೂ ತಂತಿ ಅದಕ್ಕೆ ತಗಲಿ ಗಿರಗುಟ್ಟುತ್ತದೆ.

ವೀಣೆ ಶೇಷಣ್ಣನವರ (1852–1926) ಪರಂಪರೆಯನ್ನು ಬಲ್ಲ ಕನ್ನಡಿಗರಿಗೆ ಮೇಳ ಕಟ್ಟುವ ಕೆಲಸ ಹೊಸತಲ್ಲ. ಸರಸ್ವತೀ ವೀಣೆಯ 24 ಲೋಹದ ಮೆಟ್ಟಿಲುಗಳು ಮಸಿ ಬೆರೆಸಿದ ಮೇಣದ ಮೇಲೆ ಕುಳಿತಿರುತ್ತವೆ. ಮೇಣ ಒಣಗಿ ಬಿರುಕುಬಿಟ್ಟರೆ ಅದನ್ನು ಬಿಸಿಮಾಡಿ ಮೆಟ್ಟಿಲನ್ನು ಮತ್ತೆ ಶ್ರುತಿಗೆ ಕೂರಿಸಬಹುದು. ಗಿಟಾರಿನಲ್ಲಿ ಈ ಸೌಲಭ್ಯವಿಲ್ಲ. ಅದರ ಮೆಟ್ಟಿಲು, ಅಂದರೆ ಫ್ರೆಟ್, ಬೆರಳುಹಲಗೆಯಲ್ಲಿ ಗರಗಸದಿಂದ ಕೊಯ್ದ ಸುಮಾರು ಅರ್ಧ ಮಿಲಿಮೀಟರು ಅಗಲದ ಸೀಳಿನೊಳಗೆ ತನ್ನ ಕಾಲೂರಿ ನಿಲ್ಲುತ್ತದೆ. ಹಲಗೆಯನ್ನು ದಂಡಿಗೆ ಅಂಟಿಸುವಾಗಲೋ, ಹಳೆಯ ಫ್ರೆಟ್ಟುಗಳನ್ನು ಕಿತ್ತು ಹೊಸದನ್ನು ಕೂರಿಸುವಾಗಲೋ ಈ ಸೀಳಿನಲ್ಲಿ ಅಂಟು ಸೇರಿ ಒಣಗುವುದುಂಟು. ಅದನ್ನು ತೆಗೆಯದೆ ಫ್ರೆಟ್ಟನ್ನು ಬಡಿದು ಕೂರಿಸುವುದು ಹಳೆಯ ಬಾಕಿಯನ್ನು ತೀರಿಸದೆ ಹೊಸ ಲೆಕ್ಕ ತೆರೆದಂತೆಯೇ ಸರಿ. ಫ್ರೆಟ್ಟಿನ ಕಾಲು ತಳ ಮುಟ್ಟುವುದಿಲ್ಲ.

ಅಂಟಿನ ಜಾತಿಯನ್ನರಿತು ಉಪಾಯ ಹೂಡಬೇಕು. ಬಡಗಿಗಳ ಸರೇಸು ಬಿಸಿನೀರಿಗೆ ಮೆತ್ತಗಾಗುತ್ತದೆ. ಫೆವಿಕಾಲಿನಂತಹ ಬಿಳಿಯ ಅಂಟು ಕಾವಿಗೂ ಬೆಚ್ಚನೆಯ ನೀರಿಗೂ ನಿಧಾನವಾಗಿ ಸಡಿಲುತ್ತದೆ. ಕ್ಷಣಾರ್ಧದಲ್ಲಿ ಹಿಡಿಯುವ ಸಯನೋಅಕ್ರಿಲೇಟ್ ಅಂಟಿಗೆ ಅಸಿಟೋನ್ ಬೇಕು. ಆದರೆ ಅದು ಅಂಚಿನ ಪ್ಲಾಸ್ಟಿಕ್ ಪಟ್ಟಿಯನ್ನೂ ಕರಗಿಸಬಲ್ಲದು. ಎಪಾಕ್ಸಿ ನೀರಿಗೆ ಬಗ್ಗುವುದಿಲ್ಲ. ಕಾವು ಕೊಟ್ಟು ಕೆರೆಯಬೇಕು. ಮೆತ್ತಗಾದ ಅಂಟನ್ನು ಸೀಳಿನಷ್ಟೇ ತೆಳುವಾದ ಗರಗಸದ ಅಲಗಿನಿಂದ ಮೆಲ್ಲಗೆ ಎಳೆದು ತೆಗೆದು, ತೆಳುವಾದ ಉಕ್ಕಿನ ಪಟ್ಟಿಯಿಂದ ಆಳವನ್ನು ಉದ್ದಕ್ಕೂ ಪರೀಕ್ಷಿಸಬೇಕು. ಅಲಗು ಓರೆಯಾದರೆ ಸೀಳು ಅಗಲವಾಗಿ ಫ್ರೆಟ್ಟಿನ ಹಿಡಿತವೇ ತಪ್ಪುತ್ತದೆ. ನೀರು ತಾಗಿದ ಮರ ಉಬ್ಬುವುದರಿಂದ ಅದು ಚೆನ್ನಾಗಿ ಆರಿದ ಮೇಲೆಯೇ ಮುಂದುವರಿಯುವುದು ಕ್ಷೇಮ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಮಳೆ ಸುರಿಸುವ ಮದರಾಸಿನ ಹವೆಯಲ್ಲಿ ಈ ಕಾಯುವಿಕೆ ಇನ್ನಷ್ಟು ದೀರ್ಘವಾಗುತ್ತದೆ.

ಇಷ್ಟು ವಾದ್ಯದ ಮಾತಾಯಿತು. ಕೆಲಸ ಮಾಡುವವನ ದೇಹದ ಮಾತೇನು? ಅಂಟು ಕೆರೆದಾಗ ಹೊರಬರುವುದು ಅಂಟಿನ ಪುಡಿ ಮಾತ್ರವಲ್ಲ, ಮರದ ಹುಡಿಯೂ ಹೌದು. ಬೆರಳುಹಲಗೆಗೆ ಒದಗುವ ಮರಗಳಲ್ಲಿ ನಮ್ಮ ಪಶ್ಚಿಮಘಟ್ಟದ ಬೀಟೆಯೂ ಒಂದು. ಅಮೆರಿಕದ ಹೆಸರಾಂತ ಮಾರ್ಟಿನ್ ಸಂಸ್ಥೆಯು 1969ರಲ್ಲಿ ಬ್ರೆಜಿಲಿನ ಬೀಟೆಯ ಬದಲಿಗೆ ಭಾರತದ ಬೀಟೆಯನ್ನು ತನ್ನ ಗಿಟಾರುಗಳಿಗೆ ಆರಿಸಿಕೊಂಡಿತು. ಈ ಕೀರ್ತಿಶಾಲಿ ಮರದ ಹುಡಿ ಕೆಲವರಿಗೆ ಚರ್ಮದ ಮೇಲೆ ತುರಿಕೆಯ ದದ್ದನ್ನೂ, ಉಸಿರಿನಲ್ಲಿ ಉಬ್ಬಸವನ್ನೂ ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಆ ಭಯ ಮುಖ್ಯವಾಗಿ ವರ್ಷಗಟ್ಟಲೆ ಧೂಳಿನಲ್ಲಿ ದುಡಿಯುವವರದು. ಉಬ್ಬಸವಾದರೋ ಹವ್ಯಾಸಿಗಳನ್ನೂ ಬಿಡದು.

ತಾಂಬರಂ ನಿವಾಸಿಗಳಿಗೆ ಶ್ವಾಸಕೋಶದ ಬೆಲೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಡಾ. ಚೌರಿ ಮುತ್ತು ಅವರು 1928ರಲ್ಲಿ ಇಲ್ಲಿ ತೆರೆದ ಕ್ಷಯರೋಗಿಗಳ ಆರೋಗ್ಯಧಾಮದ ನೆನಪು ‘ತಾಂಬರಂ ಸ್ಯಾನಿಟೋರಿಯಂ’ ಎಂಬ ರೈಲ್ವೆ ನಿಲ್ದಾಣದ ಹೆಸರಿನಲ್ಲಿಯೇ ಉಳಿದಿದೆ. ಶುದ್ಧವಾದ ಗಾಳಿಯೇ ಔಷಧವೆಂದು ನಂಬಿ ಜನರು ಅರಸಿ ಬಂದ ಊರಿನಲ್ಲಿ, ಕಿಟಕಿ ಮುಚ್ಚಿದ ಕಿರುಕೋಣೆಯಲ್ಲಿ ಕುಳಿತು ಹುಡಿ ಸೇವಿಸುವುದು ವಿವೇಕವಲ್ಲ. ಅದೇ ಮನೆಯಲ್ಲಿ ವೃದ್ಧರೂ ಹಸುಗೂಸುಗಳೂ ಇದ್ದರೆ ಹವ್ಯಾಸ ಒಬ್ಬನದಾದರೂ ಕೆಮ್ಮು ಎಲ್ಲರದಾಗುತ್ತದೆ.

ಆದ್ದರಿಂದ ಈ ಕೆಲಸವನ್ನು ಗಾಳಿಯಾಡುವ ಜಗುಲಿಯಲ್ಲಿಯೋ ಬಾಲ್ಕನಿಯಲ್ಲಿಯೋ ಮಾಡುವುದು ಮೇಲು. ಧೂಳು ತಡೆಯಲೆಂದೇ ತಯಾರಾದ ಮುಖಗವಸಿರಲಿ, ಕರವಸ್ತ್ರ ಸಾಲದು. ಸೀಳಿನ ಹುಡಿಯನ್ನು ಬಾಯಿಂದ ಊದುವ ಅಭ್ಯಾಸವನ್ನು ಬಿಟ್ಟು ಕುಂಚದಿಂದ ಬಿಡಿಸಿ, ವ್ಯಾಕ್ಯೂಮ್ ಯಂತ್ರದಿಂದ ಎಳೆದುಕೊಳ್ಳಬೇಕು. ಅಸಿಟೋನ್ ಬೆಂಕಿಗೆ ಬೇಗ ಹತ್ತಿಕೊಳ್ಳುವುದರಿಂದ ದೇವರ ದೀಪ, ಗ್ಯಾಸ್ ಒಲೆಗಳ ಬಳಿ ಅದರ ಮುಚ್ಚಳವನ್ನು ತೆರೆಯಲೇಬಾರದು. ಸಯನೋಅಕ್ರಿಲೇಟ್ ಅಂಟನ್ನು ಹತ್ತಿಯಿಂದ ಒರೆಸಿದರೆ ಅದು ಒಮ್ಮೆಲೇ ಕಾದು ಕೈ ಸುಡಬಹುದು. ಬೆರಳುಗಳು ಅಂಟಿಕೊಂಡರೆ ಬಲವಂತವಾಗಿ ಎಳೆಯದೆ ಬೆಚ್ಚನೆಯ ಸಾಬೂನು ನೀರಿನಲ್ಲಿ ನೆನೆಸಿ ಬಿಡಿಸಬೇಕು. ಕಣ್ಣಿಗೆ ಸಿಡಿದರೆ ರೆಪ್ಪೆಯನ್ನು ಬಲವಂತದಿಂದ ಬಿಡಿಸದೆ, ನೀರಿನಿಂದ ತೊಳೆದು ತಡಮಾಡದೆ ನೇತ್ರವೈದ್ಯರನ್ನು ಕಾಣಬೇಕು.

ಮನೆಯ ಮಕ್ಕಳು ಸ್ವಂತ ಕೈಯಿಂದ ವಾದ್ಯವೊಂದನ್ನು ನಿರ್ಮಿಸಹೊರಟರೆ ಹಿರಿಯರು ಅಡ್ಡಿಪಡಿಸಬೇಕಾಗಿಲ್ಲ. ಕಣ್ಣಳತೆ, ಕೈಹಿಡಿತ, ತಾಳ್ಮೆ ಈ ಮೂರನ್ನೂ ಕಲಿಸುವ ವಿದ್ಯೆ ಅದು. ಉಪಕರಣಗಳಿಗಾಗಿ ತೆಗೆದಿಟ್ಟ ಹಣದಲ್ಲಿ ಮೊದಲ ಪಾಲು ಮುಖಗವಸಿಗೆ ಸಲ್ಲಲಿ. ಕೆಟ್ಟ ಫ್ರೆಟ್ಟನ್ನು ಕಿತ್ತು ಮತ್ತೊಂದನ್ನು ಕೂರಿಸಬಹುದು; ಕೆಟ್ಟ ಶ್ವಾಸಕೋಶಕ್ಕೆ ಆ ಅನುಕೂಲವಿಲ್ಲ.