ಮಳೆಯಲ್ಲಿ ಮೋಟಾರ್ ಸೈಕಲ್: ಮುಂದಿನ ದಾರಿ ಕಾಣುತ್ತಿದೆಯೇ?



ಹಸ್ತ, ಚಿತ್ತೆ ಮಳೆಗಳು ನಮ್ಮ ಕಡೆ ಹೆಚ್ಚಾಗಿ ಸಂಜೆಗೇ ಸುರಿಯುತ್ತವೆ. ತಿಪಟೂರಿನಲ್ಲಿ ಕೊಬ್ಬರಿ ಮಾರಿ, ಗೊಬ್ಬರದ ಅಂಗಡಿ ಮುಗಿಸಿ, ನೀವು ಊರಿಗೆ ಹೊರಡುವುದೂ ಅದೇ ಹೊತ್ತಿಗೆ. ಎತ್ತಿನ ಗಾಡಿಯ ಕಾಲದಲ್ಲಿ ಎತ್ತಿಗೆ ದಾರಿ ಗೊತ್ತಿರುತ್ತಿತ್ತು. ಮೋಟಾರ್ ಸೈಕಲ್ಲಿಗೆ ಗೊತ್ತಿಲ್ಲ, ನಾವೇ ನೋಡಬೇಕು.

ಕೆಲವು ವರ್ಷಗಳ ಹಿಂದೆ ಇಂಥದೇ ಸಂಜೆ ನಾನು ತಿಪಟೂರಿನಿಂದ ನೊಣವಿನಕೆರೆಗೆ ಬರುತ್ತಿದ್ದೆ. ಹೆಲ್ಮೆಟ್ಟಿನ ಗಾಜಿನ ಒಳಗೆ ಉಸಿರಿನ ಮಂಜು, ಹೊರಗೆ ಮಳೆಯ ಹನಿ. ಎದುರು ಬಂದ ಲಾರಿಯ ದೀಪ ಒಂದೊಂದು ಹನಿಯಲ್ಲೂ ಹೊಳೆದು ಏನೂ ಕಾಣದಾಯಿತು. ಅಂಗೈಯಿಂದ ಒರೆಸಿ ನೋಡಿದರೆ, ಗೋಣಿ ಕೊಪ್ಪೆ ಹಾಕಿಕೊಂಡು ಹಸು ಹಿಡಿದು ನಡೆಯುತ್ತಿದ್ದ ಅಜ್ಜರೊಬ್ಬರು ನಾಲ್ಕೈದು ಮಾರು ದೂರದಲ್ಲಿದ್ದರು! ಗಾಡಿಯನ್ನು ಪಕ್ಕದ ಮಣ್ಣಿಗೆ ಇಳಿಸಿ ಬಿದ್ದೆ. ನನ್ನ ಮೊಣಕಾಲು ತರಚಿತು. ಅವರಿಗಾಗಲಿ ಹಸುವಿಗಾಗಲಿ ಏನೂ ಆಗಲಿಲ್ಲ. “ಯಾಕ್ ಸ್ವಾಮಿ, ಕಾಣ್ಲಿಲ್ವಾ?” ಎಂದರು. ಉತ್ತರ ಹೇಳಲು ನಾಚಿಕೆಯಾಯಿತು.

ಲೆಕ್ಕ ಹಾಕಿ ನೋಡಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಓಡುತ್ತದೆ. ತೋಟದಲ್ಲಿ ತೆಂಗಿನ ಮರಗಳ ಅಂತರ 30 ಅಡಿ, ಅಂದರೆ ಸುಮಾರು 9 ಮೀಟರ್. ಗಾಜು ಒರೆಸಲು ಎರಡು ಸೆಕೆಂಡು ಹಿಡಿದರೆ, ಎರಡು ಅಂತರಕ್ಕೂ ಹೆಚ್ಚು ದೂರ ಕಣ್ಣು ಕಟ್ಟಿಕೊಂಡು ಓಡಿಸಿದಂತೆ. ಆದ್ದರಿಂದ ಗಾಜಿನ ಕೆಲಸ ಮನೆಯಲ್ಲೇ ಮುಗಿಯಬೇಕು.

ಮನೆಯಲ್ಲಿ ಮಾಡಬೇಕಾದ್ದು

ನಾವು ಗಾಜು ಎನ್ನುವುದು ವಾಸ್ತವವಾಗಿ ಪ್ಲಾಸ್ಟಿಕ್ಕು. ಒಣ ಬಟ್ಟೆಯಿಂದ ಧೂಳು ಉಜ್ಜಿದರೆ ಗೀರು ಬೀಳುತ್ತದೆ. ರಾತ್ರಿ ಆ ಗೀರುಗಳೇ ದೀಪದ ಬೆಳಕನ್ನು ಚೆದುರಿಸುತ್ತವೆ. ಮೊದಲು ನೀರು ಹುಯ್ದು ಮಣ್ಣು ತೊಳೆಯಿರಿ, ನಂತರ ಸೋಪಿನ ನೀರು, ಮೆತ್ತನೆ ಹತ್ತಿ ಬಟ್ಟೆ. ಪೆಟ್ರೋಲು, ಸೀಮೆಎಣ್ಣೆ ತಾಗಿಸಬೇಡಿ. ನಮ್ಮದೇ ಎಣ್ಣೆಯೆಂದು ಕೊಬ್ಬರಿ ಎಣ್ಣೆಯನ್ನೂ ಸವರಬೇಡಿ, ಜಿಡ್ಡು ಇನ್ನಷ್ಟು ಮಸುಕು. ಗೀರು ಹೆಚ್ಚಾಗಿದ್ದರೆ ಗಾಜನ್ನು ಬದಲಿಸಿ. ಕಪ್ಪು ಗಾಜು ರಾತ್ರಿಗಾಗಲಿ ಮೋಡಕ್ಕಾಗಲಿ ಬೇಡ.

ಒಳಗಿನ ಮಂಜಿಗೆ ಉಪಾಯ ನಿಮಗೆ ಗೊತ್ತಿರುವುದೇ. ಬೆಳೆಗೆ ಔಷಧಿ ಹೊಡೆಯುವಾಗ ಸೋಪಿನ ದ್ರಾವಣ ಬೆರೆಸುವುದೇಕೆ? ಹನಿ ಉರುಳದೆ ಎಲೆಯ ಮೇಲೆ ಹರಡಲೆಂದು. ಬಿಸಿ ಉಸಿರಿನ ತೇವ ತಣ್ಣನೆಯ ಗಾಜಿಗೆ ತಾಗಿ ಸಣ್ಣ ಹನಿಗಳಾಗುವುದೇ ಮಂಜು. ಪಾತ್ರೆ ತೊಳೆಯುವ ದ್ರವ ಸೋಪು ಒಂದು ತೊಟ್ಟನ್ನು ಒಳಮೈಗೆ ತೆಳುವಾಗಿ ಸವರಿ, ಒಣಗಿದ ಮೇಲೆ ಗಾಜು ತಿಳಿಯಾಗುವವರೆಗೆ ಮೆಲ್ಲಗೆ ಒರೆಸಿ. ಹನಿ ಕಟ್ಟದೆ ತೇವ ಹರಡಿಕೊಳ್ಳುತ್ತದೆ. ಕೆಲವು ದಿನಕ್ಕೊಮ್ಮೆ ಮತ್ತೆ ಸವರಬೇಕು. ಕನ್ನಡಕ ಹಾಕುವವರು ಅದಕ್ಕೂ ಹೀಗೆಯೇ ಮಾಡಬಹುದು.

ದಾರಿಯಲ್ಲಿ

ಗಾಜನ್ನು ಒಂದು ಬೆರಳಿನಷ್ಟು ಎತ್ತಿ ಗಾಳಿಯಾಡಲು ಬಿಡಿ. ವೇಗ ತಗ್ಗಿಸಿ, ದೀಪವನ್ನು ಡಿಮ್ ಮಾಡಿ. ಲಾರಿಯ ಹಿಂದೆಯೇ ಹೋದರೆ ಅದರ ಚಕ್ರದ ಕೆಸರು ನೀರೆಲ್ಲ ನಿಮ್ಮ ಮುಖಕ್ಕೆ. ಹಿಂದೆ ಕುಳಿತವರು ಕೊಡೆ ಬಿಚ್ಚಬಾರದು. ಕಾಣದೆಂದು ಹೆಲ್ಮೆಟ್ಟನ್ನೇ ತೆಗೆದು ಟ್ಯಾಂಕಿನ ಮೇಲಿಡುವುದು ತಲೆಗೂ ಕೇಡು, 1988ರ ಮೋಟಾರು ವಾಹನ ಕಾಯಿದೆಗೂ ವಿರುದ್ಧ.

ಅಷ್ಟಾದರೂ ದಾರಿ ಕಾಣದಿದ್ದರೆ ನಿಲ್ಲಿ. ರಸ್ತೆ ಬಿಟ್ಟು, ಅಂಗಡಿಯ ಅಥವಾ ಮನೆಯ ಒಳಗೆ ನಿಲ್ಲಿ. ತೆಂಗಿನ ಮರದ ಕೆಳಗೆ ಬೇಡ. ಸಿಡಿಲು ಎತ್ತರದ ಮರವನ್ನೇ ಹುಡುಕುತ್ತದೆಂಬುದು ತೆಂಗು ಬೆಳೆಯುವ ನಿಮಗೆ ಹೇಳಬೇಕಾಗಿಲ್ಲ. ಮಬ್ಬಿನಲ್ಲಿ ದನ ಹಿಡಿದು ನಡೆಯುವವರು ಕೈಯಲ್ಲಿ ಟಾರ್ಚ್ ಇಟ್ಟುಕೊಳ್ಳಿ.

ಇವತ್ತೇ ನಿಮ್ಮ ಹೆಲ್ಮೆಟ್ಟನ್ನು ದೀಪಕ್ಕೆ ಹಿಡಿದು ನೋಡಿ. ಅದರ ಮೂಲಕ ಕಾಣದ ಅಜ್ಜ ನಿಮ್ಮ ಮನೆಯವರೇ ಆಗಿರಬಹುದು.